ಮಕ್ಕಳ ಚಾಟ್ ‘ರಿಪೋರ್ಟ್’ ಕೊಡ್ತೇವೆ ಅಂದವರ ಕೈಗೆ ಫೋನ್ ಕೊಡಬೇಡಿ

ಮುಂಬಯಿಯ ಕನ್ನಡದವರೇ, ಅದರಲ್ಲೂ ಮುಲುಂಡ್, ಭಾಂಡುಪ್ ಕಡೆಯವರೇ, ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಮಗುವಿನ ಫೋನ್ ತಗೊಳ್ಳಿ, ವಾಟ್ಸಾಪ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ, ‘ಲಿಂಕ್ಡ್ ಡಿವೈಸಸ್’ ನೋಡಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಅದರ ಮೇಲೆ ಒತ್ತಿ ಲಾಗ್‌ಔಟ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ನಾನು ಸಿಟ್ಟಿನಲ್ಲಿ ಮೊದಲೇ ಲಾಗ್‌ಔಟ್ ಮಾಡಿಬಿಟ್ಟೆ, ಕೈಯಲ್ಲಿದ್ದ ಸಾಕ್ಷಿ ಹೋಯಿತು.

ಈಗ ವಿಷಯಕ್ಕೆ ಬರ್ತೇನೆ. ಜನವರಿಯಲ್ಲಿ ಅರಿಶಿನ ಕುಂಕುಮ ಮುಗಿದ ಮೇಲೆ ನಮ್ಮ ಕಡೆಯ ಹಾಲ್ ಒಂದರಲ್ಲಿ ಮಕ್ಕಳು ಮತ್ತು ಸೋಶಿಯಲ್ ಮೀಡಿಯಾ ಬಗ್ಗೆ ಅರ್ಧ ಗಂಟೆಯ ಮಾತಿತ್ತು. ಮಾತಾಡಿದವನು ಊರಿನ ಕಡೆಯವನೇ. ಕನ್ನಡ, ತುಳು ಎರಡೂ ನೀರು ಕುಡಿದಷ್ಟು ಸಲೀಸು. ‘ಅಕ್ಕ, ನೀವಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ಹೋದ್ರೆ ಬರುವಾಗ ರಾತ್ರಿ ಎಂಟು. ಮಧ್ಯದಲ್ಲಿ ಮಗು ಯಾರ ಹತ್ರ ಮಾತಾಡ್ತದೆ ಅಂತ ನಿಮಗೆ ಗೊತ್ತುಂಟಾ?’ ಈ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಇರುವ ಮನೆ ಎಷ್ಟಿವೆ ಹೇಳಿ! ಮಗುವಿನ ಚಾಟ್ ಬಗ್ಗೆ ದಿನಾ ‘ರಿಪೋರ್ಟ್’ ಕೊಡುವ ಅವನ ಪ್ಯಾಕೇಜು ವರ್ಷಕ್ಕೆ 5,000, ಮೇಲೆ ಜಿಎಸ್‌ಟಿ 900. ಜೀಪೇ ಮಾಡಿದ್ದು ಅವನ ಸ್ವಂತ ನಂಬರಿಗೆ. ಬಿಲ್ ‘ಮೇಲ್‌ಗೆ ಬರ್ತದೆ’ ಅಂದ, ಇವತ್ತಿಗೂ ಬಂದಿಲ್ಲ. ಬಿಲ್ ಇಲ್ಲದೆ ಜಿಎಸ್‌ಟಿ ಕೊಟ್ಟವಳು ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನಾ ಗಿರಾಕಿಗಳಿಗೆ ‘ಒಟಿಪಿ ಯಾರಿಗೂ ಹೇಳಬೇಡಿ’ ಅನ್ನುವವಳು. ನಗುವವರು ನಗಿ.

ಭಾನುವಾರ ಮನೆಗೆ ಬಂದ. ‘ಸೆಟ್ಟಿಂಗ್‌ಗೆ ಇಪ್ಪತ್ತು ನಿಮಿಷ ಬೇಕು, ಅಷ್ಟರೊಳಗೆ ಒಂದು ಚಾ ಆಗಬಹುದಾ ಅಕ್ಕ?’ ಚಾ ತಗೊಂಡು ಹೊರಗೆ ಬಂದಾಗ ಮಗಳ ಫೋನನ್ನು ತನ್ನ ಲ್ಯಾಪ್‌ಟಾಪಿನ ಪರದೆಯ ಎದುರು ಹಿಡಿದಿದ್ದ. ಕ್ಯಾಮೆರಾ ಪರದೆಯ ಕಡೆಗಿತ್ತು. ವಾಟ್ಸಾಪ್ ವೆಬ್, ಅಂದರೆ ಕಂಪ್ಯೂಟರಿನಲ್ಲಿ ತೆರೆಯುವ ವಾಟ್ಸಾಪ್, ನಾನೂ ಬಳಸುತ್ತೇನೆ. ಕ್ಯೂಆರ್ ಸ್ಕ್ಯಾನ್ ಮಾಡುವಾಗ ಫೋನ್ ಹೀಗೇ ಹಿಡಿಯಬೇಕು ಅನ್ನುವುದು ಗೊತ್ತು. ಕಣ್ಣೆದುರೇ ಆಯಿತು. ನಾನು ಚಾ ಕಪ್ಪು ಟೀಪಾಯಿ ಮೇಲೆ ಇಟ್ಟು ‘ಸಕ್ಕರೆ ಸಾಕಾ’ ಅಂತ ಕೇಳಿದೆ!

ಮರುದಿನದಿಂದ ರಾತ್ರಿ 9:30ಕ್ಕೆ ಪಿಡಿಎಫ್ ಬರತೊಡಗಿತು. ಹಸಿರು, ಹಳದಿ, ಕೆಂಪು ಚುಕ್ಕೆ. ‘ಓದೋದು ಎಐ ಅಕ್ಕ, ಮನುಷ್ಯರು ಯಾರೂ ನೋಡೋದಿಲ್ಲ’ ಅಂದಿದ್ದ. ಹದಿನೈದು ದಿನ ಬರೀ ಹಸಿರು. ಹದಿನಾರನೆಯ ದಿನ ಒಂದು ಹಳದಿ: ‘ಮುಟ್ಟಿನ ಬಗ್ಗೆ ಉಡುಪಿಯ ಅಕ್ಕನ ಜೊತೆ ಚರ್ಚೆ. ತಾಯಿ ಗಮನ ಕೊಡುವುದು ಒಳ್ಳೆಯದು.’

ಮಗಳಿಗೆ ಹನ್ನೆರಡು. ಅವಳು ಕೇಳಿದ್ದು ದೊಡ್ಡಮ್ಮನ ಮಗಳ ಹತ್ತಿರ, ಅದೂ ತುಳುವಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ತನಗೆ ತೋಚಿದ ಸ್ಪೆಲ್ಲಿಂಗಿನಲ್ಲಿ. ಅರ್ಧ ಶಬ್ದ ನನಗೇ ಬಿಡಿಸಿ ಓದಲು ಕಷ್ಟ. ಅದನ್ನು ಓದಿ ಅರ್ಥ ಮಾಡಿಕೊಂಡು ‘ತಾಯಿ ಗಮನ ಕೊಡುವುದು ಒಳ್ಳೆಯದು’ ಅಂತ ಬರೆದ ಎಐ ಯಾವುದು? ಆವಾಗ ಆ ಲ್ಯಾಪ್‌ಟಾಪು ನೆನಪಾಯಿತು. ಲಿಂಕ್ಡ್ ಡಿವೈಸಸ್ ತೆರೆದರೆ ಒಂದು ಸಾಲು: ಗೂಗಲ್ ಕ್ರೋಮ್, ವಿಂಡೋಸ್. ಕೊನೆಯ ಸಲ ಬಳಸಿದ್ದು ಅದೇ ದಿನ, ರಾತ್ರಿ 8:52. ಪಿಡಿಎಫ್ ಬರುವುದಕ್ಕೆ ಸ್ವಲ್ಪ ಮೊದಲು. ದುಡ್ಡು ಕೊಟ್ಟು ಪರಗಂಡಸಿನಿಂದ ಮಗಳ ಚಾಟ್ ಓದಿಸಿದ್ದು ನಾನೇ.

ಇದರ ಒಳಗುಟ್ಟು ತಿಳಿದುಕೊಳ್ಳಿ, ನಾಳೆ ಇನ್ನೊಬ್ಬ ಬರ್ತಾನೆ. ಒಂದು ವಾಟ್ಸಾಪಿಗೆ ನಾಲ್ಕು ಸಾಧನಗಳವರೆಗೆ ಲಿಂಕ್ ಮಾಡಬಹುದು. ಒಮ್ಮೆ ಲಿಂಕ್ ಆದರೆ ಮಗುವಿನ ಫೋನ್ ಆಫ್ ಇದ್ದರೂ ಆ ಕಡೆ ಮೆಸೇಜ್ ಹೋಗುತ್ತಲೇ ಇರುತ್ತದೆ. ಹಿಂದಿನ ಒಂದಷ್ಟು ಚಾಟ್ ಕೂಡ ಹೋಗುತ್ತದೆ. ಓದುವುದು ಮಾತ್ರವಲ್ಲ, ಮಗುವಿನ ಹೆಸರಿನಲ್ಲಿ ಅಲ್ಲಿಂದ ಬರೆಯಲೂ ಬಹುದು. ಫೋನನ್ನು 14 ದಿನ ಬಳಸದಿದ್ದರೆ ಲಿಂಕ್ ತಾನೇ ಕಡಿಯುತ್ತದೆ, ಆದರೆ 14 ದಿನ ಫೋನ್ ಮುಟ್ಟದ ಮಗು ಎಲ್ಲಿದೆ? ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಮಾತಾಡುವ ಎರಡು ತುದಿಯವರು ಬಿಟ್ಟು ಬೇರೆ ಯಾರೂ ಓದಲಾಗದ ಬೀಗ) ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಆ ಕಂಪ್ಯೂಟರೂ ಒಂದು ‘ಎಂಡ್’. ಮನೆಗೆ ಬರಲೇಬೇಕು ಅಂತಲೂ ಇಲ್ಲ. ಫೋನ್ ನಂಬರ್ ಹಾಕಿ ಲಿಂಕ್ ಮಾಡುವ ದಾರಿ ಇದೆ, ಅವನ ಕಂಪ್ಯೂಟರಿನಲ್ಲಿ ಎಂಟು ಅಕ್ಷರದ ಕೋಡ್ ಬರುತ್ತದೆ. ‘ಈ ಕೋಡ್ ನಿಮ್ಮ ಫೋನಿನಲ್ಲಿ ಹಾಕಿ’ ಅಂತ ಯಾರಾದರೂ ಹೇಳಿದರೆ ಆಟ ಅದೇ.

ಎರಡನೆಯದು ಇನ್ನೂ ನಾಚಿಕೆಗೇಡು. ‘ನಮ್ಮ ಸ್ಕ್ರೀನ್ ಟೈಮ್ ಲಾಕ್’ ಅಂತ ತೋರಿಸಿದ್ದು ಗೂಗಲ್‌ನ ಫ್ಯಾಮಿಲಿ ಲಿಂಕ್, ಪುಕ್ಕಟೆ ಸಿಗುವಂಥದ್ದು. ಮಗಳ ಹೆಸರಿನಲ್ಲಿ ಹೊಸ ಜಿಮೇಲ್ ಮಾಡಿ, ‘ಪೇರೆಂಟ್’ ಅಂತ ಇರುವ ಕಡೆ ತನ್ನ ಜಿಮೇಲ್ ಹಾಕಿದ್ದ! ಅಂದರೆ ಯಾವ ಆ್ಯಪ್ ಎಷ್ಟು ಹೊತ್ತು ನೋಡಿದಳು, ಈಗ ಶಾಲೆಯಲ್ಲಿದ್ದಾಳಾ, ಟ್ಯೂಷನ್‌ನಲ್ಲಿದ್ದಾಳಾ, ಎಲ್ಲ ಅವನ ಫೋನಿನಲ್ಲಿ. ಆ ಅಕೌಂಟನ್ನು ಫೋನಿನಿಂದ ತೆಗೆಯಲು ಹೋದರೆ ಕೇಳುವುದು ಪೇರೆಂಟ್ ಒಪ್ಪಿಗೆ, ಅಂದರೆ ಅವನದು. ನನ್ನ ಮಗಳ ಫೋನಿಗೆ ನಾನೇ ಹೊರಗಿನವಳು.

ಫೋನ್ ಮಾಡಿದೆ. ಅಲ್ಲಿವರೆಗೆ ‘ಅಕ್ಕ’ ಆಗಿದ್ದವಳು ‘ಮೇಡಂ’ ಆದೆ.

‘ಮೇಡಂ, ಅದು ನಮ್ಮ ಸರ್ವರ್.’

ಸರ್ವರ್‌ಗೆ ತುಳು ಬರ್ತದಾ ಅಂದೆ.

‘ಮೇಡಂ, ನೀವು ಕನ್ಸೆಂಟ್ ಫಾರ್ಮ್‌ಗೆ ಸೈನ್ ಹಾಕಿದ್ದೀರಿ.’ ಹೌದು, ಹಾಕಿದ್ದೆ. ಒಂದು ಪುಟ, ‘ಡಿಜಿಟಲ್ ಸುರಕ್ಷತಾ ಸೇವೆ’ ಅಂತ ಇತ್ತು. ಮಗಳ ಮೆಸೇಜನ್ನು ಒಬ್ಬ ಮನುಷ್ಯ ಕೂತು ಓದುತ್ತಾನೆ ಅಂತ ಎಲ್ಲಿ ಬರೆದಿತ್ತು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ, ಒಪ್ಪಿಗೆ ಪಡೆಯುವಾಗ ಏನಕ್ಕೆ ಅಂತ ಬಿಡಿಸಿ ಹೇಳಬೇಕು ಅಂತ ಬರೆದಿದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮತ್ತೆ ‘ಅಕ್ಕ’ ಶುರು. ‘ನಮ್ಮವರು ನಮ್ಮವರ ಮೇಲೇ ಹೀಗೆ ಮಾಡಿದ್ರೆ ಹೇಗೆ ಅಕ್ಕ? ರಿಫಂಡ್ ಪಾಲಿಸಿ ಇಲ್ಲ. ಬೇಕಾದ್ರೆ ನಿಮ್ಮ ಮಗನಿಗೂ ಫ್ರೀಯಾಗಿ ಹಾಕಿಕೊಡ್ತೇನೆ.’

ಮಗನಿಗೂ! ಫ್ರೀಯಾಗಿ!

ಪೊಲೀಸ್ ಕಂಪ್ಲೇಂಟ್ ಅಂದ ಮೇಲೆ ಇಪ್ಪತ್ತೇ ನಿಮಿಷ, ಮಗಳ ಹೆಸರಿನ ಆ ಜಿಮೇಲ್ ಅಕೌಂಟನ್ನೇ ಡಿಲೀಟ್ ಮಾಡಿದ. ದುಡ್ಡು ಬರಲಿಲ್ಲ.

ಅವನ 9,500ರ ‘ಗೋಲ್ಡ್’ ಪ್ಯಾಕೇಜು ತಗೊಂಡವರು ಇನ್ನೂ ಹುಷಾರಾಗಿರಬೇಕು. ಅವರಿಗೆ ಆ್ಯಪನ್ನು ಪ್ಲೇ ಸ್ಟೋರಿನಿಂದ ಹಾಕಿಲ್ಲ, ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಆ್ಯಪನ್ನು ನೇರ ಫೋನಿಗೆ ಹಾಕುವ ಫೈಲ್) ಕಳಿಸಿ ಹಾಕಿಸಿದ್ದಾನೆ. ಕೆಟ್ಟ ಆ್ಯಪ್ ಹಿಡಿಯುವ ಗೂಗಲ್‌ನ ಕಾವಲು ಪ್ಲೇ ಪ್ರೊಟೆಕ್ಟನ್ನು ಆಫ್ ಮಾಡಿಸಿದ್ದಾನೆ. ಆಂಡ್ರಾಯ್ಡ್ 13ರಿಂದ ಈಚೆಗೆ ಹೀಗೆ ಹೊರಗಿನಿಂದ ಹಾಕಿದ ಆ್ಯಪಿಗೆ ಆಕ್ಸೆಸಿಬಿಲಿಟಿ ಅನುಮತಿ ಸುಲಭಕ್ಕೆ ಸಿಗುವುದಿಲ್ಲ. ಆ್ಯಪ್ ಇನ್ಫೋಗೆ ಹೋಗಿ, ಮೂರು ಚುಕ್ಕಿ ಒತ್ತಿ ‘ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್’ ಕೊಡಬೇಕು. ಗೂಗಲ್ ಕಷ್ಟಪಟ್ಟು ಹಾಕಿದ ಆ ಬಾಗಿಲನ್ನು ನಮ್ಮ ಬೆರಳಿನಿಂದಲೇ ತೆಗೆಸಿದ್ದಾನೆ. ಆಕ್ಸೆಸಿಬಿಲಿಟಿ ಸಿಕ್ಕ ಆ್ಯಪು ಪರದೆಯ ಮೇಲಿನದನ್ನೆಲ್ಲ ಓದಬಲ್ಲದು, ನಿಮ್ಮ ಬದಲು ಬಟನ್ ಒತ್ತಬಲ್ಲದು. ಆ ಫೋನಿನಲ್ಲಿ ಯುಪಿಐ ಇದ್ದರೆ ಮುಂದಿನದು ನೀವೇ ಯೋಚಿಸಿ. ಆ್ಯಪ್ ಅಳಿಸಿ ಸುಮ್ಮನಾಗಬೇಡಿ, ಫ್ಯಾಕ್ಟರಿ ರೀಸೆಟ್ ಮಾಡಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಗೂಗಲ್, ಇನ್‌ಸ್ಟಾಗ್ರಾಮಿನಂಥವರೇ ತಾಯಂದಿರಿಗೆ ಕೊಡುವ ಸಾಧನಗಳು ಮಗುವಿನ ಚಾಟ್ ತಂದು ತಾಯಿ ಕೈಗೆ ಕೊಡುವುದಿಲ್ಲ. ಫ್ಯಾಮಿಲಿ ಲಿಂಕ್ ಮೆಸೇಜ್ ಓದುವುದಿಲ್ಲ. ಇನ್‌ಸ್ಟಾಗ್ರಾಮಿನ ಪೇರೆಂಟ್ ಸೂಪರ್‌ವಿಷನ್‌ನಲ್ಲಿ ಹಿಂದಿನ ಏಳು ದಿನ ಯಾರಿಗೆ ಮೆಸೇಜ್ ಹೋಗಿದೆ ಅಂತ ಕಾಣುತ್ತದೆ, ಏನು ಬರೆದಿದ್ದಾರೆ ಅಂತ ಕಾಣುವುದಿಲ್ಲ. ಹಾಗಾಗಿ ‘ಚಾಟ್ ರಿಪೋರ್ಟ್’ ಅಂದ ತಕ್ಷಣ ಎಲ್ಲೋ ಒಬ್ಬ ಕೂತು ಓದುತ್ತಿದ್ದಾನೆ, ಇಲ್ಲವೇ ಫೋನಿನಲ್ಲಿ ಸ್ಪೈವೇರ್ (ಕದ್ದು ನೋಡುವ ಆ್ಯಪ್) ಕೂತಿದೆ ಅಂತ ಅನುಮಾನ ಪಡಿ.

ಬೇಕಾದದ್ದೆಲ್ಲ ಪುಕ್ಕಟೆ ಇದೆ, ನಾವೇ ಮಾಡಿಕೊಳ್ಳಬಹುದು. ಫ್ಯಾಮಿಲಿ ಲಿಂಕ್ ನಿಮ್ಮ ಜಿಮೇಲಿನಿಂದ ಹಾಕಿ, ಅರ್ಧ ಗಂಟೆ ಸಾಕು. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಇದೆ, ಅದರ ಪಾಸ್‌ಕೋಡ್ ಮಗುವಿಗೆ ಹೇಳಬೇಡಿ. ವಾಟ್ಸಾಪಿನಲ್ಲಿ ಪ್ರೈವಸಿ, ಅದರೊಳಗೆ ಗ್ರೂಪ್ಸ್, ‘ಮೈ ಕಾಂಟ್ಯಾಕ್ಟ್ಸ್’ ಮಾಡಿದರೆ ಗುರುತಿಲ್ಲದವರು ಮಗುವನ್ನು ಗುಂಪಿಗೆ ಸೇರಿಸಲಾರರು. (ಮಾಮೂಲಿ ವಾಟ್ಸಾಪ್ ಅಕೌಂಟಿಗೆ 13 ತುಂಬಿರಬೇಕು, ಗೊತ್ತು. ಟ್ಯೂಷನ್ ಗುಂಪೇ ವಾಟ್ಸಾಪಿನಲ್ಲಿದೆ, ಏನು ಮಾಡೋದು.) ಇನ್‌ಸ್ಟಾಗ್ರಾಮಿನ ಟೀನ್ ಅಕೌಂಟ್ 2025ರಿಂದ ನಮ್ಮ ದೇಶದಲ್ಲೂ ಇದೆ. ಅಕೌಂಟ್ ತಾನೇ ಪ್ರೈವೇಟ್, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬಂದ್, 16ರ ಒಳಗಿನವರು ಇದನ್ನು ಸಡಿಲ ಮಾಡಲು ಪೇರೆಂಟ್ ಒಪ್ಪಿಗೆ ಬೇಕು. ಆದರೆ ಹುಟ್ಟಿದ ವರ್ಷ ಸುಳ್ಳು ಹಾಕಿದ್ದರೆ ಇದ್ಯಾವುದೂ ಸಿಗದೇ ಹೋಗಬಹುದು. ಮೊದಲು ಆ ವರ್ಷ ನೋಡಿ.

ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಉಳಿದದ್ದಕ್ಕೆ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್, ಮಹಿಳೆ ಮತ್ತು ಮಕ್ಕಳದ್ದಕ್ಕೆ ಅಲ್ಲಿ ಬೇರೆಯೇ ವಿಭಾಗ ಇದೆ. ನಾನು ಅಲ್ಲಿ ದೂರು ಹಾಕಿದ್ದೇನೆ. ಮಗಳಿಗೆ ಎಲ್ಲ ಹೇಳಿದೆ. ‘ಅವನು ಅಕ್ಕನ ಮೆಸೇಜೂ ಓದಿದ್ನಾ?’ ಅಂತ ಕೇಳಿದಳು. ಹೌದು, ಅವಳದ್ದೂ. ಉಡುಪಿಗೆ ಫೋನ್ ಮಾಡಿ ಅದನ್ನೂ ಹೇಳಬೇಕಾಯಿತು.

ಆ ದಿನ ಹಾಲ್‌ನಲ್ಲಿ ದುಡ್ಡು ಕೊಟ್ಟದ್ದು ನನಗೆ ಗೊತ್ತಿರುವಂತೆ ನಾವೂ ಸೇರಿ ಹನ್ನೊಂದು ಮನೆಯವರು. ನಾಲ್ಕು ಮನೆಯವರು ನೋಡಿ ತಿಳಿಸಿದ್ದಾರೆ, ಮೂರು ಫೋನಿನಲ್ಲಿ ಅದೇ ಸಾಲು: ಗೂಗಲ್ ಕ್ರೋಮ್, ವಿಂಡೋಸ್. ಉಳಿದ ಆರು ಮನೆಯವರ ನಂಬರ್ ನನ್ನ ಹತ್ತಿರ ಇಲ್ಲ. ಗುರುತು ಇರುವವರು ಇವತ್ತು ರಾತ್ರಿ 9:30ರ ಪಿಡಿಎಫ್ ಬರುವ ಮೊದಲೇ ಅವರಿಗೆ ಫೋನ್ ಮಾಡಿ.