ಐಎನ್‌ಎಂಪಿ441 ಮೈಕ್ ಮಾಡ್ಯೂಲ್: ಮಗ್ಗದ ಸದ್ದಿಗೆ ಸಾಕು, ಫೋರ್ಜಿಂಗ್ ಹ್ಯಾಮರಿಗೆ ಸಾಲದು

ವಡಗಾವಿ, ಖಾಸಬಾಗದ ಪಾವರ್‌ಲೂಮ್ ಶೆಡ್ಡುಗಳಲ್ಲಿ, ಉದ್ಯಮಬಾಗದ ಫೌಂಡ್ರಿಗಳಲ್ಲಿ ಒಂದು ಪಾಳಿಗೆ ಕಾರ್ಮಿಕರ ಕಿವಿಗೆ ಎಷ್ಟು ಸದ್ದು ಬೀಳುತ್ತದೆ? ಇದನ್ನು ಅಳೆಯುವ ಉಪಕರಣ ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಪ್ರಾಜೆಕ್ಟ್. ಆದರೆ ಮೈಕ್ ಆಯ್ಕೆಯಲ್ಲೇ ಅದು ಗೆಲ್ಲುತ್ತದೆ ಇಲ್ಲವೇ ಸೋಲುತ್ತದೆ.

ಕೆವೈ-037 ಎಂಬ ಸದ್ದಿನ ಸೆನ್ಸರ್ ಬೇಡವೇ ಬೇಡ. ಸದ್ದು ಒಂದು ಮಟ್ಟ ದಾಟಿತೋ ಇಲ್ಲವೋ ಅನ್ನುವುದಕ್ಕಷ್ಟೇ ಅದು ಸರಿ. ಮ್ಯಾಕ್ಸ್9814 ಮೈಕ್ ಆಂಪ್ಲಿಫೈಯರ್ ಇನ್ನೂ ದಾರಿ ತಪ್ಪಿಸುತ್ತದೆ: ಅದರ ಆಟೋ ಗೇನ್ ದೊಡ್ಡ ಸದ್ದನ್ನು ತಾನೇ ತಗ್ಗಿಸಿಬಿಡುತ್ತದೆ. ಐಎನ್‌ಎಂಪಿ441 ನೇರವಾಗಿ 24 ಬಿಟ್ ಡಿಜಿಟಲ್ ಅಂಕಿ ಕೊಡುವುದರಿಂದ ಇಎಸ್‌ಪಿ32 ಮೈಕ್ರೊಕಂಟ್ರೋಲರಿನ ಸೊಟ್ಟ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಗೋಜಿಲ್ಲ. ಕಡಿಮೆ ಬೆಲೆಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಲೆಕ್ಕದಲ್ಲಿ ಎಡವುವ ಜಾಗವೊಂದಿದೆ. 94 ಡೆಸಿಬಲ್, 1 ಕಿಲೋಹರ್ಟ್ಸ್‌ಗೆ ಇದರ ಔಟ್‌ಪುಟ್ ಫುಲ್ ಸ್ಕೇಲ್‌ಗಿಂತ (ಕೊಡಬಲ್ಲ ಅತಿ ದೊಡ್ಡ ಅಂಕಿ) 26 ಡೆಸಿಬಲ್ ಕೆಳಗೆ, ಅಂದರೆ 24 ಬಿಟ್ ಅಂಕಿಯಲ್ಲಿ 4,20,426. ಇದು ಪೀಕ್ ಬೆಲೆ, ಅಂದರೆ ಅಲೆಯ ತುದಿ. ಆರ್‌ಎಂಎಸ್ (ಅಲೆಯ ವರ್ಗಗಳ ಸರಾಸರಿಯ ವರ್ಗಮೂಲ) ಲೆಕ್ಕ ಹಾಕುವವರು ಭಾಗಿಸಬೇಕಾದದ್ದು 2,97,286ರಿಂದ. ಇದನ್ನು ಮರೆತರೆ ಎಲ್ಲ ಓದುವಿಕೆಯೂ 3 ಡೆಸಿಬಲ್ ಕಡಿಮೆ ಬರುತ್ತದೆ. ಆರ್‌ಎಂಎಸ್‌ಗೆ ಮುಂಚೆ 48 ಕಿಲೋಹರ್ಟ್ಸ್ ದರದಲ್ಲಿ ಪಡೆದ ಮಾದರಿಗಳಿಂದ ಡಿಸಿ (ಬದಲಾಗದ ಅಂಶ) ತೆಗೆದು, ಕಿವಿಗೆ ಕೇಳುವಂತೆ ಸದ್ದನ್ನು ತೂಗುವ ಎ-ವೇಟಿಂಗ್ ಫಿಲ್ಟರ್ ಹಾಕಿ. 100 ಹರ್ಟ್ಸ್‌ನಲ್ಲಿ ಅದು ಸುಮಾರು 19 ಡೆಸಿಬಲ್ ಇಳಿಸಬೇಕು. ಆನ್ ಆದ ಮೇಲಿನ ಮೊದಲ ಅರ್ಧ ಸೆಕೆಂಡಿನ ಅಂಕಿಗಳನ್ನು ಎಸೆಯಿರಿ.

ಎಡ-ಬಲ ಚಾನೆಲ್ ಆರಿಸುವ ಎಲ್/ಆರ್ ಪಿನ್ ಗ್ರೌಂಡಿಗೆ ಕಟ್ಟಿ, ತೇಲಲು ಬಿಡಬೇಡಿ. ಅಂಕಿಗಳು ಹೊರಬರುವ ಎಸ್‌ಡಿ ಗೆರೆಗೆ 100 ಕಿಲೋಓಮ್ ಪುಲ್‌ಡೌನ್ (ಗ್ರೌಂಡಿಗೆ ಜೋಡಿಸುವ ರೆಸಿಸ್ಟರ್) ಇರಲಿ. ಡಬ್ಬಿ ಸೊಂಟಕ್ಕೆ, ಮೈಕ್ ಭುಜಕ್ಕೆ ಎಂದು ಉದ್ದ ತಂತಿ ಎಳೆದರೆ ಕ್ಲಾಕ್ ಸಂಕೇತ ಕೆಟ್ಟು ಇಲ್ಲದ ಸದ್ದು ದಾಖಲಾಗುತ್ತದೆ. ಇಡೀ ಡಬ್ಬಿಯನ್ನೇ ಚಿಕ್ಕದು ಮಾಡಿ ಭುಜದ ಮೇಲಿಡುವುದು ವಾಸಿ. ಮೈಕ್ ಕಿವಿಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ, ಭುಜದಿಂದ ಸುಮಾರು 4 ಸೆಂಟಿಮೀಟರ್ ಮೇಲಿರಲಿ. ಸದ್ದು ಒಳಹೋಗುವ ತೂತು ಬೋರ್ಡಿನ ಅಡಿಯಲ್ಲಿದೆ. ಬೋರ್ಡನ್ನು ಡಬ್ಬಿಗೆ ಅಂಟಿಸುವಾಗ ಅದೇ ಮುಚ್ಚಿಹೋಗುವುದು ಸಾಮಾನ್ಯ. ಮಗ್ಗದ ಶೆಡ್ಡಿನಲ್ಲಿ ಹತ್ತಿಯ ಎಳೆ ಕೂರುತ್ತದೆ, ಫೋಮ್ ಟೋಪಿ ಬೇಕೇ ಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಮೈಕ್ ಸತ್ತಂತೆ.

ವಿದ್ಯುತ್ತಿನ ಕಡೆ: 18650 ಲಿಥಿಯಂ ಸೆಲ್ ಜೊತೆ ಎಎಂಎಸ್1117 ವೋಲ್ಟೇಜ್ ರೆಗ್ಯುಲೇಟರ್ ಹಾಕಬೇಡಿ. 3.3 ವೋಲ್ಟ್ ಕೊಡಲು ಅದಕ್ಕೆ ಸುಮಾರು 4.4 ವೋಲ್ಟ್ ಬೇಕು, ಸೆಲ್ ಅಷ್ಟು ಕೊಡದು. ಪಾಳಿಯ ನಡುವೆ ಬೋರ್ಡು ರೀಸೆಟ್ ಆದರೆ ಡೋಸ್ (ಪಾಳಿಯಲ್ಲಿ ಕಿವಿಗೆ ಬಿದ್ದ ಒಟ್ಟು ಸದ್ದು, ಮಿತಿಯ ಪ್ರತಿಶತದಲ್ಲಿ) ಸೊನ್ನೆಗೆ ಬರುತ್ತದೆ. ನಿಮಿಷಕ್ಕೊಮ್ಮೆ ಮೆಮರಿಗೆ ಬರೆದಿಡಿ.

ಐಎನ್‌ಎಂಪಿ441ರ ದೊಡ್ಡ ಮಿತಿ 120 ಡೆಸಿಬಲ್. ಲಾಳಿ ಮಗ್ಗಕ್ಕೆ ಅಷ್ಟು ಸಾಕು. ಫೋರ್ಜಿಂಗ್ ಹ್ಯಾಮರಿನ ಹೊಡೆತ ಅದನ್ನು ದಾಟಿದರೆ ಅಲೆಯ ತಲೆ ಕತ್ತರಿಸಿ ಡೋಸ್ ಕಡಿಮೆ ತೋರುತ್ತದೆ, ಕಾರ್ಮಿಕ ಸುರಕ್ಷಿತ ಎಂಬ ಸುಳ್ಳು ಹೊರಬರುತ್ತದೆ. ಹೀಗೆ ಕ್ಲಿಪ್ ಆದ (ತಲೆ ಕತ್ತರಿಸಿದ) ಮಾದರಿಗಳನ್ನು ಎಣಿಸಿ ಪರದೆಯಲ್ಲಿ ಕೆಂಪು ಎಚ್ಚರಿಕೆ ಕೊಡಲೇಬೇಕು.

ಬಿಡಿ ಮೈಕುಗಳ ನಡುವೆ 3 ಡೆಸಿಬಲ್ ಆಚೀಚೆ ಇರುತ್ತದೆ, ಹಾಗಾಗಿ ಕ್ಯಾಲಿಬ್ರೇಶನ್ ಇಲ್ಲದ ಅಂಕಿಗೆ ಬೆಲೆಯಿಲ್ಲ. ಗೊತ್ತಾದ ಮಟ್ಟದ ಸದ್ದು ಹೊರಡಿಸುವ ಕ್ಯಾಲಿಬ್ರೇಟರ್‌ನ ಬಾಯಿಗೆ ಬೋರ್ಡು ನೇರ ಕೂರದು. ಉದ್ಯಮಬಾಗದ ಲೇತ್ ಅಂಗಡಿಯಲ್ಲಿ 12.7 ಮಿಲಿಮೀಟರ್ ಹೊರವ್ಯಾಸದ ಗಿಡ್ಡ ನೈಲಾನ್ ಬುಷ್ ಮಾಡಿಸಿ, ಸಂದು ಬಿಡದಂತೆ ಕೂರಿಸಿ. ಗಾಳಿ ಸೋರಿದರೆ ಓದುವಿಕೆ ಇಳಿಯುತ್ತದೆ. ಆಮೇಲೆ ಕ್ಲಾಸ್ 2 ದರ್ಜೆಯ ಸದ್ದಿನ ಮೀಟರ್ ಪಕ್ಕದಲ್ಲಿಟ್ಟು 80, 90, 100 ಡೆಸಿಬಲ್‌ಗಳಲ್ಲಿ ಹೋಲಿಸಿ.

ಡೋಸ್ ಯಾವ ನಿಯಮದ್ದು ಎಂಬುದು ಪರದೆಯಲ್ಲೇ ಕಾಣಬೇಕು. 95 ಡಿಬಿಎಯಲ್ಲಿ (ಎ-ವೇಟಿಂಗ್ ಆದ ಡೆಸಿಬಲ್) 4 ಗಂಟೆ ಎಂದರೆ, 8 ಗಂಟೆಗೆ 90 ಡಿಬಿಎ ಮಿತಿ ಹಾಗೂ 5 ಡೆಸಿಬಲ್ ವಿನಿಮಯದ (ಪ್ರತಿ 5 ಡೆಸಿಬಲ್ ಏರಿಕೆಗೆ ಇರಬಹುದಾದ ಸಮಯ ಅರ್ಧ) ಲೆಕ್ಕದಲ್ಲಿ 100 ಪ್ರತಿಶತ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಯಾಷ್ ಶಿಫಾರಸಿನ 85 ಡಿಬಿಎ, 3 ಡೆಸಿಬಲ್ ಲೆಕ್ಕದಲ್ಲಿ ಅದೇ ಸದ್ದು 500 ಪ್ರತಿಶತ ದಾಟುತ್ತದೆ. 12 ತಾಸಿನ ಪಾಳಿಯಿದ್ದಲ್ಲಿ ಮೊದಲ ಲೆಕ್ಕದ ಮಿತಿಯೂ 87ಕ್ಕೆ ಇಳಿಯುತ್ತದೆ. ಎರಡೂ ಅಂಕಿಗಳನ್ನು ಅಕ್ಕಪಕ್ಕ ತೋರಿಸಿ, ಕನ್ನಡದಲ್ಲಿ, ನೇಕಾರರೇ ಓದುವಷ್ಟು ದೊಡ್ಡದಾಗಿ.