ಮಿಷನರಿಯ ಬಿಳಿ ಅಂಗಿ: ಕಾರವಾರದ ಮಳೆಗಾಲಕ್ಕೆ ತಾಳುವುದು ಯಾವುದು?

ಜನ ಮಾರ್ಮನ್ ಎಂದು ಕರೆಯುವ ಸಭೆಯ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 18 ತುಂಬಿದ ಹುಡುಗರು ಈ ಸಭೆಯ ಮಿಷನರಿ ಸೇವೆಗೆಂದು 24 ತಿಂಗಳು ಮನೆ ಬಿಟ್ಟು ಹೋಗುತ್ತಾರೆ. ಅಷ್ಟು ದಿನವೂ ಮೈಮೇಲೆ ಇರುವುದು ಬಿಳಿ ಅಂಗಿ, ಗಾಢ ಬಣ್ಣದ ಪ್ಯಾಂಟು, ಎದೆಯ ಮೇಲೆ ಕಪ್ಪು ನಾಮಫಲಕ. 2020ರಿಂದ ಕೆಲವು ಪ್ರದೇಶಗಳಲ್ಲಿ ತಿಳಿನೀಲಿ ಅಂಗಿಗೂ, ಟೈ ಇಲ್ಲದೆ ಓಡಾಡುವುದಕ್ಕೂ ಅನುಮತಿ ಸಿಕ್ಕಿದೆ. ಆದರೂ ಪೆಟ್ಟಿಗೆಗೆ ಮೊದಲು ಇಳಿಯುವುದು ಬಿಳಿಯೇ. ಕಾರವಾರ, ಅಂಕೋಲಾ, ಕುಮಟಾದ ಹವೆಯಲ್ಲಿ ಬಿಳಿ ಅಂಗಿಯೊಂದು ಹೇಗೆ ಬಾಳುತ್ತದೆ, ಯಾವ ಬಟ್ಟೆ ಕೈಕೊಡುತ್ತದೆ, ಏಕೆ ಎಂಬುದನ್ನು ಇಲ್ಲಿ ನೋಡೋಣ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಉಪ್ಪುಗಾಳಿ, ಕೆಮ್ಮಣ್ಣು ಮೂರನ್ನೂ ತಾಳಿದ ಅಂಗಿ ದೇಶದ ಬೇರೆ ಯಾವ ಊರಿಗೆ ವರ್ಗವಾದರೂ ತಾಳುತ್ತದೆ. (ಸಿಸ್ಟರ್‌ಗಳ, ಅಂದರೆ ಮಹಿಳಾ ಮಿಷನರಿಗಳ, ಉಡುಪಿನ ನಿಯಮ ಬೇರೆ. ಬಟ್ಟೆ, ಕಲೆ, ಒಗೆತದ ಮಾತು ಅವರಿಗೂ ಹೊಂದುತ್ತದೆ.)

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ: ನೂರಕ್ಕೆ ನೂರು ಹತ್ತಿ, 'ಇಸ್ತ್ರಿ ಬೇಡ' ಎಂದು ಚೀಟಿ ಅಂಟಿಸಿದ ರೆಡಿಮೇಡ್, ಮತ್ತು ಹತ್ತಿ-ಪಾಲಿಯೆಸ್ಟರ್ ಬೆರಕೆಯ ಟೆರಿಕಾಟನ್.

ಶುದ್ಧ ಹತ್ತಿ ಮಾರ್ಚ್‌ನಿಂದ ಮೇ ತನಕ ಒಳ್ಳೆಯದು. ಬೆವರು ಹೀರುತ್ತದೆ, ಮೈಗೆ ಅಂಟುವುದಿಲ್ಲ. ತಮ್ಮ ಸಭೆಯ ದೇವಾಲಯದ (ಟೆಂಪಲ್) ವಿಧಿ ಪಡೆದ ಮಿಷನರಿಗಳು ಅಂಗಿಯೊಳಗೆ ಬೇರೊಂದು ಒಳಉಡುಪು ಧರಿಸಿರುತ್ತಾರೆ. ಮೈಮೇಲೆ ಸದಾ ಎರಡು ಪದರ ಇರುವುದರಿಂದ ಗಾಳಿಯಾಡುವ ಬಟ್ಟೆ ಅವರಿಗೆ ನಿಜಕ್ಕೂ ಬೇಕು. ಜೂನ್ ಬಂತೆಂದರೆ ಲೆಕ್ಕ ತಲೆಕೆಳಗು. ರಾತ್ರಿ ಒಗೆದು ಫ್ಯಾನ್ ಕೆಳಗೆ ಹಾಕಿದ ಹತ್ತಿ ಅಂಗಿಯ ಮೈ ಬೆಳಗ್ಗೆ ಒಣಗಿದಂತೆ ಕಂಡರೂ ಕಾಲರ್, ಗುಂಡಿಪಟ್ಟಿ, ಜೇಬಿನ ಅಂಚು ಒದ್ದೆಯೇ ಇರುತ್ತವೆ. ಬೂಷ್ಟು ಹಿಡಿಯುವುದು ಅಲ್ಲಿಂದಲೇ. ಹತ್ತಿಯ ನಾರು ಬೂಷ್ಟಿಗೆ ಆಹಾರ. ಕಾಲರಿನೊಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡ ಮೇಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಗಂಜಿ ಹಾಕುವ ಅಭ್ಯಾಸ ಇದ್ದವರು ಮಳೆಗಾಲ ಮುಗಿಯುವ ತನಕ ಅದನ್ನು ನಿಲ್ಲಿಸಲೇಬೇಕು, ಏಕೆಂದರೆ ಗಂಜಿ ಬೂಷ್ಟನ್ನು ಇನ್ನಷ್ಟು ಬೆಳೆಸುತ್ತದೆ.

'ಇಸ್ತ್ರಿ ಬೇಡ' ಅಂಗಿ ದುಬಾರಿ. ಮೊದಲ ಕೆಲವು ತಿಂಗಳು ಅಚ್ಚುಕಟ್ಟಾಗಿಯೂ ಕಾಣುತ್ತದೆ. ಸುಕ್ಕು ಬಾರದಂತೆ ನೂಲಿಗೆ ರಾಳದ ಲೇಪ ಕೊಟ್ಟಿರುತ್ತಾರೆ. ಆ ಲೇಪವೇ ನೂಲನ್ನು ಪೆಡಸು ಮಾಡುವುದರಿಂದ ಕಾಲರಿನ ಮಡಿಕೆ ಬೇಗ ಸೀಳುತ್ತದೆ. ಇನ್ನೊಂದು ತೊಂದರೆ ಅಂಟು ಹಾಕಿ ಕೂರಿಸಿದ ಕಾಲರ್ ಕ್ಯಾನ್ವಾಸ್, ಅಂದರೆ ಕಾಲರ್ ಬಿಗಿಯಾಗಿ ನಿಲ್ಲಲು ಒಳಗೆ ಇಡುವ ಗಟ್ಟಿ ಬಟ್ಟೆ. ಬಿಸಿನೀರು, ತಿಕ್ಕಾಟ, ಇಸ್ತ್ರಿಗೆ ಅಂಟು ಬಿಟ್ಟು ಕಾಲರ್ ಮೇಲೆ ಗುಳ್ಳೆ ಏಳುತ್ತವೆ. ಗುಳ್ಳೆ ಎದ್ದ ಕಾಲರಿಗೆ ಟೈ ಕೂರುವುದಿಲ್ಲ, ಅದನ್ನು ಸರಿಮಾಡಲೂ ಬರುವುದಿಲ್ಲ. ಎರಡು ವರ್ಷ ದಿನವೂ ತೊಡುವವರಿಗೆ ಇದು ತಕ್ಕದ್ದಲ್ಲ. ಸಭೆಯ ಸಮಾವೇಶಕ್ಕೆ, ಫೋಟೋಗೆ ಒಂದು ಇಟ್ಟುಕೊಂಡರೆ ಸಾಕು.

ಕರಾವಳಿಗೆ ಗೆಲ್ಲುವುದು ಟೆರಿಕಾಟನ್, ಅದೂ ಟೇಲರ್ ಹತ್ತಿರ ಹೊಲಿಸಿದ ಅರ್ಧ ತೋಳಿನದು. ಫ್ಯಾನ್ ಇದ್ದರೆ ರಾತ್ರಿ ಹಾಕಿದ್ದು ಬೆಳಗ್ಗೆಗೆ ಒಣಗಿರುತ್ತದೆ. ಕರೆಂಟ್ ಹೋದ ರಾತ್ರಿಯೂ ಹತ್ತಿಯಷ್ಟು ಒದ್ದೆ ಉಳಿಸಿಕೊಳ್ಳುವುದಿಲ್ಲ. ಹಗುರ ಇಸ್ತ್ರಿ ಸಾಕು. ದೋಷವೂ ಇದೆ, ಮುಚ್ಚಿಡಬಾರದು: ಪಾಲಿಯೆಸ್ಟರ್ ಮೈಯ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಒಗೆದ ಅಂಗಿಯೂ ಮೈ ಬಿಸಿಯಾದೊಡನೆ ಕಂಕುಳಲ್ಲಿ ವಾಸನೆ ಬಿಡುತ್ತದೆ. ವಾರಕ್ಕೊಮ್ಮೆ ಅರ್ಧ ಬಕೆಟ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಮಾಮೂಲಿನಂತೆ ಒಗೆದರೆ ವಾಸನೆ ಹತೋಟಿಗೆ ಬರುತ್ತದೆ. ಬೆರಕೆ 65 ಪಾಲು ಪಾಲಿಯೆಸ್ಟರ್‌ಗೆ 35 ಪಾಲು ಹತ್ತಿಯಷ್ಟಿದ್ದರೂ ನಡೆಯುತ್ತದೆ, ಸರಿ ಅರ್ಧ ಹತ್ತಿ ಇದ್ದರೆ ಸೆಖೆಗೆ ಇನ್ನೂ ಹಿತ. ಪೂರ್ತಿ ಪಾಲಿಯೆಸ್ಟರ್ ಮಾತ್ರ ಬೇಡವೇ ಬೇಡ.

ಅಂಗಡಿಯವರ ಮಾತನ್ನಷ್ಟೇ ನಂಬಬೇಕಾಗಿಲ್ಲ. ಬಟ್ಟೆಯಂಚಿನಿಂದ ಎರಡು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯಿರಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಬೆರಕೆಯಲ್ಲಿ ಎರಡೂ ಕಾಣುತ್ತವೆ. ತೆಳುವೋ ದಪ್ಪವೋ ತಿಳಿಯಲು ಒಂದು ಪದರದ ಕೆಳಗೆ ಅಂಗೈ ಇಡಿ. ಕೈಗೆರೆ ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ಬೇಡ, ಮಳೆಯಲ್ಲಿ ನೆನೆದಾಗ ಒಳಉಡುಪೆಲ್ಲ ಎದ್ದು ಕಾಣುತ್ತದೆ.

ಟೇಲರ್‌ಗೆ ಹೇಳಬೇಕಾದ್ದನ್ನು ಬಿಡಿಸಿ ಹೇಳಬೇಕು. 58 ಇಂಚು ಪನ್ನದ ಬಟ್ಟೆಯಾದರೆ ಅರ್ಧ ತೋಳಿನ ಅಂಗಿಗೆ 1.5 ಮೀಟರ್ ಸಾಕು, ಎತ್ತರದ ಹುಡುಗನಿಗೆ 1.75. ಹತ್ತಿ ಪಾಲು ಹೆಚ್ಚಿದ್ದರೆ ಹೊಲಿಗೆಗೆ ಮೊದಲೇ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಹೊಲಿದ ಮೇಲೆ ಕಾಲರ್ ಕುಗ್ಗಿ ಮೇಲಿನ ಗುಂಡಿ ಹಾಕಲಾಗುವುದಿಲ್ಲ. ಟೈ ಕಟ್ಟುವವರ ಕಾಲರಿನಲ್ಲಿ ಗುಂಡಿ ಹಾಕಿದ ಮೇಲೂ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಾಲರಿಗೆ ಅಂಟಿನ ಕ್ಯಾನ್ವಾಸ್ ಬೇಡ, ಹೊಲಿದು ಕೂರಿಸುವ ಬಕ್ರಂ ಹಾಕಿ ಎನ್ನಿ. ಪಕ್ಕ ಮತ್ತು ಹೆಗಲಿಗೆ ಡಬಲ್ ಹೊಲಿಗೆ ಇರಲಿ. ಹೆಗಲ ಹೊಲಿಗೆ ಮೊದಲು ಬಿಡುವುದು ಚೀಲದ ಪಟ್ಟಿ ಉಜ್ಜುವ ಕಡೆ. ಅಂಗಿಯ ಉದ್ದ ಮಾಮೂಲಿಗಿಂತ ಎರಡು ಇಂಚು ಹೆಚ್ಚಿರಲಿ, ಇಲ್ಲದಿದ್ದರೆ ಬಸ್ಸಲ್ಲಿ ಮೇಲಿನ ಕಂಬಿ ಹಿಡಿದಾಗಲೆಲ್ಲ ಪ್ಯಾಂಟಿನಿಂದ ಹೊರಗೆ ಬರುತ್ತದೆ. ಮುಖ್ಯವಾಗಿ, ಮಿಕ್ಕ ಬಟ್ಟೆಯನ್ನು ಬಿಟ್ಟು ಬರಬೇಡಿ. ಕಾಲರ್ ಸವೆದಾಗ ಬಿಚ್ಚಿ ತಿರುಗಿಸಿ ಹೊಲಿದರೆ ಅಂಗಿಗೆ ಇನ್ನೊಂದು ಆಯುಷ್ಯ. ತಿರುಗಿಸಿದ ಮಗ್ಗುಲೂ ಸವೆದರೆ ಹೊಸ ಕಾಲರಿಗೆ ಅದೇ ಬಟ್ಟೆ ಬೇಕಾಗುತ್ತದೆ.

ಜೇಬಿನ ಬಗ್ಗೆ ಎರಡು ಮಾತು. ನಾಮಫಲಕ ಪಿನ್ನಿನದಾದರೆ ತೆಳು ಬಟ್ಟೆಯಲ್ಲಿ ತೂತು ದೊಡ್ಡದಾಗುತ್ತ ಹೋಗುತ್ತದೆ, ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡಿದು ಕಂದು ಉಂಗುರ ಬೀಳುತ್ತದೆ. ಅಯಸ್ಕಾಂತದ್ದು ಚೀಲದ ಪಟ್ಟಿ ತಗಲಿದರೆ ಜಾರಿ ಬೀಳುತ್ತದೆ. ಜೇಬಿಗೆ ಸಿಕ್ಕಿಸುವ ಬಗೆ ಇಲ್ಲಿಗೆ ಉತ್ತಮ. ಅದಕ್ಕಾಗಿ ಜೇಬಿನ ಬಾಯಂಚನ್ನು ಎರಡು ಸಲ ಮಡಿಚಿ, ಮೂಲೆಗಳಿಗೆ ಗಟ್ಟಿ ಹೊಲಿಗೆ ಹಾಕಿಸಿ.

ಇನ್ನು ಎಷ್ಟು ಅಂಗಿ, ಯಾವಾಗ ಒಗೆತ? ಮಿಷನರಿಯ ದಿನಚರಿ ಬಿಗಿ: ಬೆಳಗ್ಗೆ 6.30ಕ್ಕೆ ಏಳುವುದು, ರಾತ್ರಿ 10.30ಕ್ಕೆ ದೀಪ ಆರಿಸುವುದು, ಎಲ್ಲಿಗೆ ಹೋದರೂ ಜೊತೆಗಾರನೊಂದಿಗೆ. ಒಗೆತ, ಖರೀದಿ, ಮನೆಗೆ ಫೋನು ಎಲ್ಲಕ್ಕೂ ವಾರಕ್ಕೊಂದು ತಯಾರಿಯ ದಿನ. ಕಾರವಾರದ ಸಂತೆ ಭಾನುವಾರ. ಆ ದಿನ ಇವರು ಕೊಡು-ಕೊಳ್ಳುವ ವ್ಯವಹಾರ ಮಾಡುವುದಿಲ್ಲವಾದ್ದರಿಂದ ಸೋಪು, ಹ್ಯಾಂಗರ್, ಹಗ್ಗ ಎಲ್ಲ ಬೇರೆ ದಿನವೇ ಅಂಗಡಿಯಿಂದ ತರಬೇಕು. ಏಳು ಅಂಗಿ ಇದ್ದರೆ ವಾರಕ್ಕೊಮ್ಮೆ ಒಗೆದರೆ ಸಾಕು ಎಂಬ ಲೆಕ್ಕ ಬೇಸಗೆಯಲ್ಲಿ ಸರಿ. ಮಳೆಗಾಲದಲ್ಲಿ ಬೆವರಿನ ಅಂಗಿಯನ್ನು ಬುಟ್ಟಿಯಲ್ಲಿ ಗುಡ್ಡೆ ಹಾಕಿಟ್ಟರೆ ತಯಾರಿಯ ದಿನ ಬರುವುದರೊಳಗೆ ಬೂಷ್ಟು ಬಂದಿರುತ್ತದೆ. ದಿನಾ ರಾತ್ರಿ ಸೋಪಿಲ್ಲದೆ ಬರೀ ನೀರಲ್ಲಿ ಹಿಂಡಿ, ಹ್ಯಾಂಗರಿಗೆ ಹಾಕಿ ಫ್ಯಾನಿಗೆ ಹಿಡಿಸುವುದೇ ದಾರಿ. ಕಾಲರ್ ಎತ್ತಿ, ಗುಂಡಿ ಬಿಚ್ಚಿ, ಅಂಗಿ ಅಂಗಿಗಳ ನಡುವೆ ಒಂದು ಗೇಣು ಬಿಟ್ಟು ಹಾಕಿದರೆ ಗಾಳಿ ಒಳಗೆ ಹೊಕ್ಕುತ್ತದೆ. ಸಿರ್ಸಿ ಕಡೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಬೇಗ ಒಣಗುವುದು ನಿಜ, ಬಿಳಿ ಅಂಗಿ ಮಾತ್ರ ಹೊಗೆಗೆ ಹಳದಿಯಾಗುತ್ತದೆ.

ಕಲೆಗಳಲ್ಲಿ ಹೆಚ್ಚಿನವರು ಎಡವುವುದು ಕೆಮ್ಮಣ್ಣಿನಲ್ಲಿ. ನಮ್ಮ ಮಣ್ಣಿನ ಕೆಂಪು ಕಬ್ಬಿಣದ ಕೆಂಪು. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಹಸಿಯಿದ್ದಾಗ ಉಜ್ಜಬೇಡಿ. ಒಣಗಲು ಬಿಟ್ಟು ಕೊಡವಿ, ಉಳಿದ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಸ್ಸಿನ ಕಿಟಕಿ ಕಂಬಿಯ ತುಕ್ಕಿಗೂ ಇದೇ ಉಪಾಯ. ಕಬ್ಬಿಣಾಂಶದ ಬಾವಿ ನೀರಿನಲ್ಲಿ ಒಗೆದು ಬಟ್ಟೆಯೆಲ್ಲ ಹಳದಿಯಾಗಿದ್ದರೂ ಬ್ಲೀಚು ಕೆಲಸಕ್ಕೆ ಬರುವುದಿಲ್ಲ, ಮಳೆನೀರು ಹಿಡಿದು ಕೊನೆಯ ಜಾಲಿಕೆ ಅದರಲ್ಲಿ ಮಾಡುವುದು ಮೇಲು. ಕಂಕುಳ ಹಳದಿಗೂ ಬ್ಲೀಚು ಶತ್ರುವೇ.

ಊಟದ ಕಲೆ ತಪ್ಪಿಸಲಾಗದು. ಇವರು ಚಹಾ, ಕಾಫಿ ಕುಡಿಯುವುದಿಲ್ಲ, ಹಾಗಾಗಿ ಮನೆಯವರು ಮುರುಗಲು ಪಾನಕವನ್ನೋ ಮಜ್ಜಿಗೆಯನ್ನೋ ಕೊಡುತ್ತಾರೆ. ಮುರುಗಲು ಚೆಲ್ಲಿದರೆ ಕೂಡಲೇ ತಣ್ಣೀರು ಬಿಡಿ, ಸೋಪು ಮೊದಲು ಹಚ್ಚಿದರೆ ಕೆಂಪು ನೀಲಿಗೆ ತಿರುಗುತ್ತದೆ. ಮೀನುಸಾರಿನ ಅರಿಶಿನ ಸೋಪು ತಗುಲಿದಾಗ ಕೆಂಪಾದರೆ ಗಾಬರಿ ಬೇಡ, ತೊಳೆದು ಬಿಸಿಲಿಗೆ ಹಾಕಿದರೆ ತಾನೇ ಮಾಸುತ್ತದೆ. ಅಡಿಕೆ ಚೊಗರು ಮತ್ತು ಗೇರುಹಣ್ಣಿನ ರಸ ಹಾಗಲ್ಲ. ಒಣಗಿ ಕಂದಾದರೆ ಹೋಗುವ ಭರವಸೆ ಇಲ್ಲ. ತೋಟದ ಕೆಲಸಕ್ಕೆ ಕೈಜೋಡಿಸುವ ದಿನ ಬಿಳಿ ಅಂಗಿ ಮನೆಯಲ್ಲಿರಲಿ, ಸೇವಾ ಕೆಲಸಕ್ಕೆ ಸಾದಾ ಬಟ್ಟೆ ಹಾಕಲು ಅವರಿಗೆ ಅವಕಾಶ ಇದೆ.

ನೀಲಿಯನ್ನು ಅರ್ಧ ಬಕೆಟಿಗೆ ನಾಲ್ಕೈದು ಹನಿಗಿಂತ ಹೆಚ್ಚು ಹಾಕಬೇಡಿ, ನೀರಲ್ಲಿ ಚೆನ್ನಾಗಿ ಕಲಕಿದ ಮೇಲೆಯೇ ಅಂಗಿ ಅದ್ದಿ. ಟೆರಿಕಾಟನ್ ಇಸ್ತ್ರಿಗೆ ಎರಡು ಚುಕ್ಕೆಯ ಬಿಸಿ, ಅಂದರೆ ಸುಮಾರು 150 ಡಿಗ್ರಿ. ಇದ್ದಿಲ ಪೆಟ್ಟಿಗೆಯವರಿಗೆ ಕೊಡುವಾಗ ಬಟ್ಟೆ ಯಾವುದೆಂದು ಹೇಳಿಯೇ ಕೊಡಿ, ಹತ್ತಿಯ ಬಿಸಿ ತಗುಲಿದರೆ ಕಾಲರ್ ಮೇಲೆ ಹೊಳಪು ಕೂತುಬಿಡುತ್ತದೆ. ಕಪ್ಪು ಚೀಲ ಕೊಂಡ ದಿನ ಅದರ ಪಟ್ಟಿಯನ್ನು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಮೊದಲ ಮಳೆಗೇ ಹೆಗಲ ಮೇಲೆ ಬೂದುಪಟ್ಟೆ. ಪ್ಲಾಸ್ಟಿಕ್ ರೈನ್‌ಕೋಟಿನೊಳಗೆ ಅಂಗಿ ಬೆವರಿಗೇ ಒದ್ದೆಯಾಗುವುದರಿಂದ ಗಾಳಿ ಜೋರಿಲ್ಲದ ದಿನ ದೊಡ್ಡ ಕೊಡೆಯೇ ವಾಸಿ.

ನನ್ನ ಶಿಫಾರಸು: ಟೆರಿಕಾಟನ್ ಅರ್ಧ ತೋಳಿನದು ಆರು, ಬೇಸಗೆಗೆ ಹತ್ತಿಯದು ಎರಡು, ಪೂರ್ಣ ತೋಳಿನದು ಒಂದು. ಮಜೂರಿ ಸೇರಿದರೂ ಹೊಲಿಸಿದ್ದು ದುಬಾರಿ ರೆಡಿಮೇಡಿಗಿಂತ ಅಗ್ಗ. ಮೊದಲು ಒಂದನ್ನೇ ಹೊಲಿಸಿ, ಎರಡು ಸಲ ಒಗೆದು ತೊಟ್ಟು ನೋಡಿ, ಅಳತೆ ತಿದ್ದಿಸಿಕೊಂಡು ಉಳಿದದ್ದಕ್ಕೆ ಹೇಳಿ. ಮೇ ಕೊನೆಯಿಂದ ಟೇಲರ್‌ಗಳ ಹತ್ತಿರ ಶಾಲೆಯ ಯೂನಿಫಾರ್ಮ್ ರಾಶಿ, ಅದು ಇಳಿಯುವ ಹೊತ್ತಿಗೆ ಚೌತಿಯ ಬಟ್ಟೆ. ಏಪ್ರಿಲ್ ಮುಗಿಯುವುದರೊಳಗೆ ಬಟ್ಟೆ ಕೊಟ್ಟರೆ ಮಳೆ ಹಿಡಿಯುವ ಮೊದಲು ಅಂಗಿ ಕೈಗೆ ಬರುತ್ತದೆ.