ಸಾಲ್ವಟೋರೆಯ ರಟ್ಟಿನ ಸಮುದ್ರ: ಹಳೆಯ ಗಿರಾಕಿಯೊಬ್ಬನ ವಿಮರ್ಶೆ

‘ದಿ ಲೆಜೆಂಡ್ ಆಫ್ ಜೆಲ್ಡಾ: ದಿ ವಿಂಡ್ ವೇಕರ್’ ವಿಡಿಯೊ ಆಟವನ್ನು ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರದ ಕಾಲದಲ್ಲಿ ಒಮ್ಮೆ, 2013ರ ಎಚ್‌ಡಿ ಆವೃತ್ತಿಯಲ್ಲಿ ಎರಡು ಬಾರಿ ಮುಗಿಸಿದ್ದೇನೆ. ದೇಗುಲಗಳ ಒಳದಾರಿ ಮರೆತುಹೋಗಿದೆ, ಎಷ್ಟೋ ರಾಕ್ಷಸರ ಹೆಸರೂ ನೆನಪಿಲ್ಲ. ವಿಂಡ್‌ಫಾಲ್ ದ್ವೀಪದ ಸಾಲ್ವಟೋರೆಯನ್ನು ಮಾತ್ರ ಮರೆಯಲಾಗಿಲ್ಲ. ಮುಖ್ಯ ಕಥೆಗೆ ಈ ಆಸಾಮಿಯಿಂದ ಆಗಬೇಕಾದದ್ದು ಏನೂ ಇಲ್ಲ. 10 ರೂಪಿ (ಆಟದೊಳಗಿನ ನಾಣ್ಯ) ತೆಗೆದುಕೊಂಡು ‘ಸ್ಪ್ಲೂಶ್ ಕಬೂಮ್’ ಎಂಬ ಕಿರು ಆಟ ಆಡಿಸುವುದಷ್ಟೇ ಅವನ ಕಸುಬು.

ಎಂಟಕ್ಕೆ ಎಂಟು, ಒಟ್ಟು 64 ಚೌಕಗಳ ಸಮುದ್ರ. ಅದರಲ್ಲಿ ಎರಡು, ಮೂರು, ನಾಲ್ಕು ಚೌಕ ಉದ್ದದ ಮೂರು ಸ್ಕ್ವಿಡ್‌ಗಳು ಅಡಗಿರುತ್ತವೆ. ನಮ್ಮ ಬಳಿ 24 ಗುಂಡುಗಳು. ಇಷ್ಟನ್ನು ಒಂದು ಫಲಕದ ಮೇಲೆ ಬರೆದು ತೂಗುಹಾಕಿದ್ದರೂ ಸಾಕಿತ್ತು. ಸಾಲ್ವಟೋರೆ ಹಾಗೆ ಮಾಡುವವನಲ್ಲ. ಬಣ್ಣ ಬಳಿದ ರಟ್ಟಿನ ವೇಷಗಳ ತೂತಿನಲ್ಲಿ ಮುಖ ತೂರಿಸಿ, ಎಲ್ಲ ಪಾತ್ರಗಳನ್ನೂ ತಾನೇ ವಹಿಸಿ, ಸಮುದ್ರ ಯುದ್ಧವನ್ನೇ ಅಭಿನಯಿಸುತ್ತಾನೆ. ಗುಂಡು ನೀರಿಗೆ ಬಿದ್ದರೆ ‘ಸ್ಪ್ಲೂಶ್!’, ತಗುಲಿದರೆ ‘ಕಬೂಮ್!’. ಎರಡೂ ಅವನ ಬಾಯಿಯಿಂದಲೇ ಬರಬೇಕು. ಅಂಗಡಿಯ ಬಂಡವಾಳ ನಾಲ್ಕು ರಟ್ಟು, ಒಂದು ಗಂಟಲು.

ಆಟದ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಮೃದುವಾಗಿಲ್ಲ. ಮೂರೂ ಸ್ಕ್ವಿಡ್‌ಗಳು ಸೇರಿ ಆವರಿಸುವುದು ಒಂಬತ್ತು ಚೌಕ, ಅಂದರೆ 15 ಗುಂಡು ಮಾತ್ರ ವ್ಯರ್ಥವಾಗಬಹುದು. ಮೊದಲ ಸಲ ಆಡಿದಾಗ ಮೂಲೆಯಿಂದ ಸಾಲಾಗಿ ಹೊಡೆಯುತ್ತ ಹೋಗಿ ಕೆಟ್ಟೆ. ನಾಲ್ಕು ಚೌಕದ ಸ್ಕ್ವಿಡ್ ಮೂಲೆಯ ಚೌಕವನ್ನು ಆವರಿಸಲು ಎರಡೇ ವಿಧ, ನಡುವಿನ ಚೌಕವನ್ನಾದರೆ ಎಂಟು ವಿಧ ಎಂದು ಕಾಗದದ ಮೇಲೆ ಎಣಿಸಿದ ಮೇಲೆ ನಡುವಿನಿಂದ ಶುರು ಮಾಡಿದೆ. ದೊಡ್ಡವು ಬೇಗ ಸಿಗತೊಡಗಿದವು. ಎರಡು ಚೌಕದ ಆ ಕಿರಿಯ ಸ್ಕ್ವಿಡ್‌ಗೆ ಮಾತ್ರ ಯಾವ ಲೆಕ್ಕವೂ ನಾಟುವುದಿಲ್ಲ. ಒಮ್ಮೆ 23ನೆಯ ಗುಂಡು ಅಂಚಿನ ಸಾಲಿನಲ್ಲಿ ಅದಕ್ಕೆ ತಗುಲಿತು. ಉಳಿದದ್ದು ಒಂದೇ ಗುಂಡು, ಪಕ್ಕದಲ್ಲಿ ತೆರೆಯದ ಮೂರು ಚೌಕ. ಕರ್ಸರನ್ನು ಎಡಕ್ಕೆ ಒಯ್ದೆ, ಮನಸ್ಸು ಬದಲಿಸಿ ಬಲಕ್ಕೆ ಒಯ್ದೆ, ಹೊಡೆದೆ. ‘ಸ್ಪ್ಲೂಶ್!’ ಅಷ್ಟು ಉತ್ಸಾಹದಿಂದ ಸೋಲನ್ನು ಸಾರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಗೆಲುವಿಗೆ ನಾಯಕನ ಪ್ರಾಣಶಕ್ತಿ ಹೆಚ್ಚಿಸಲು ಕೂಡಿಡುವ ಹೃದಯದ ತುಣುಕು ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸುವವರು ಪುಣ್ಯವಂತರು. 20ಕ್ಕಿಂತ ಕಡಿಮೆ ಗುಂಡುಗಳಲ್ಲಿ ಮುಗಿಸಿ ನಿಧಿ ನಕ್ಷೆ ಪಡೆಯಲು ಹೊರಟಾಗ ಜಾಣತನದ ಪಾಲು ಸಣ್ಣದು, ಅದೃಷ್ಟದ್ದೇ ದೊಡ್ಡದು. ಗಡಿಯಾರ ಹಿಡಿದು ಆಟ ಮುಗಿಸುವ ಸ್ಪೀಡ್‌ರನ್ ಮಂದಿ ಇವನ ಕಾಟ ತಾಳಲಾರದೆ, ಪ್ರತಿ ಹೊಡೆತದ ನಂತರ ಯಾವ ಚೌಕದಲ್ಲಿ ಸ್ಕ್ವಿಡ್ ಇರುವ ಸಂಭವ ಎಷ್ಟು ಎಂದು ತೋರಿಸುವ ತಂತ್ರಾಂಶವನ್ನೇ ಬರೆದುಕೊಂಡಿದ್ದಾರೆ. ನಾಲ್ಕು ರಟ್ಟಿನವನ ಎದುರು ಕಂಪ್ಯೂಟರ್! ನಾನದನ್ನು ಬಳಸಿಲ್ಲ, ಹಟ ಎಂದರೆ ಹಟ.

ಸ್ಪೆಕ್ಟಕಲ್ ದ್ವೀಪದಲ್ಲೂ ಅದೇ ಮುಖ ಎದುರಾಗುತ್ತದೆ. ಅಲ್ಲಿ 50 ರೂಪಿ ಕೊಟ್ಟು, ಹತ್ತು ಗುಂಡುಗಳಲ್ಲಿ ಐದು ಪೀಪಾಯಿ ಒಡೆಯಬೇಕು. ಗುರಿ ನಮ್ಮ ಕೈಯಲ್ಲೇ ಇರುವುದರಿಂದ ಆಟವಾಗಿ ಅದೇ ಮೇಲು, ಸೋತರೆ ತಪ್ಪು ನನ್ನದೇ. ಆದರೂ ಅಲ್ಲಿಗೆ ಎರಡನೆಯ ಸಲ ಹೋಗಬೇಕೆನಿಸಲಿಲ್ಲ. ವಿಂಡ್‌ಫಾಲ್‌ಗೆ ಎಷ್ಟು ಸಲ ಮರಳಿದೆನೋ ಲೆಕ್ಕವಿಲ್ಲ.

ಸ್ಪ್ಲೂಶ್ ಕಬೂಮ್‌ಗೆ ಐದಕ್ಕೆ ಎರಡು ಅಂಕ, ಆಡಿಸುವವನಿಗೆ ಐದಕ್ಕೆ ಐದು. ಕಳೆದ ವಾರ ನಾಲ್ಕನೆಯ ಸಲ ಆಟ ಶುರು ಮಾಡಿದೆ. ಗೇಮ್‌ಕ್ಯೂಬ್ ಆವೃತ್ತಿಯ ಆರಂಭದ ಚೀಲದಲ್ಲಿ 200 ರೂಪಿಗಿಂತ ಹೆಚ್ಚು ಹಿಡಿಸುವುದಿಲ್ಲ. ಚೀಲ ತುಂಬಿಸಿಕೊಂಡು ಅವನ ಬಾಗಿಲಿಗೆ ಬಂದು ನಿಂತಿದ್ದೇನೆ. ಇಪ್ಪತ್ತು ಸಲ ಸೋಲಬಹುದು.